ಸೂಟ್‌ಕೇಸಿನ ಕಾರ್ಡು

ಊಟಕ್ಕೆ ಕೂತಾಗ ಬಾಯಿಬಿಟ್ಟಿದ್ದು ಪಾಪು ಮಾಡಿದ ಮೊದಲನೇ ತಪ್ಪು. ಆ ಮನೆಯಲ್ಲಿ ಸ್ವಂತದ್ದು ಅಂತ ಉಳಿಸಿಕೊಳ್ಳಬೇಕಾದ ಯಾವ ಸಂಗತಿಯನ್ನೂ ಊಟದ ಮೇಜಿನ ಮೇಲೆ ಇಡಬಾರದು. ಇಟ್ಟರೆ ಅದಕ್ಕೂ ಐದು ಪಾಲು.

"ನಾನೊಂದು ಕ್ರೆಡಿಟ್ ಕಾರ್ಡ್ ತಗೊಳ್ತಾ ಇದ್ದೀನಿ," ಎಂದಳು.

ಸಾರು ಬಡಿಸುತ್ತಿದ್ದ ಅಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಸಾಲದ ಕಾರ್ಡಾ? ಈ ಮನೆಗಾ?"

"ಮನೆಗಲ್ಲಮ್ಮ, ನನಗೆ."

"ಎರಡೂ ಒಂದೇ," ಎಂದು ಅಪ್ಪ ತಟ್ಟೆಯಿಂದ ತಲೆಯೆತ್ತದೆ ತೀರ್ಪು ಕೊಟ್ಟ.

ಪಾಪು ಅಂದರೆ ತೊಟ್ಟಿಲ ಕೂಸಲ್ಲ. ಇಪ್ಪತ್ಮೂರು ತುಂಬಿದ ಹುಡುಗಿ. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಎರಡು ವರ್ಷದಿಂದ ದುಡಿಯುತ್ತಿದ್ದಳು. ಗಿರಾಕಿಯ ಮೂಗಿಗೆ ಫ್ರೇಮು ಹೊಂದಿಸುವುದು, ಸಡಿಲವಾದ ತಿರುಪು ಬಿಗಿಮಾಡುವುದು, ಗಾಜು ಕೂರಿಸುವುದು, ಎಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಮನೆಯಲ್ಲಿ ಕಡೆಯವಳಾಗಿ ಹುಟ್ಟಿದ್ದಕ್ಕೆ ಪಾಪು ಎಂಬ ಹೆಸರು ಅಂಟಿಕೊಂಡಿತ್ತು. ಅದನ್ನು ಕಿತ್ತುಹಾಕಲು ಯಾರಿಗೂ ಪುರಸೊತ್ತಿರಲಿಲ್ಲ.

ಕಾರ್ಡು ಯಾಕೆ ಬೇಕು ಅನ್ನುವುದನ್ನೂ ಅವಳು ಅವತ್ತೇ ಹೇಳಿದಳು. ಕಣ್ಣು ಪರೀಕ್ಷೆ ಮಾಡುವುದನ್ನು ಕಲಿಸುವ ಒಂದು ವರ್ಷದ ಸಂಜೆ ಕೋರ್ಸು ಇದೆ. ಅದನ್ನು ಮುಗಿಸಿದರೆ ಕೌಂಟರು ಬಿಟ್ಟು ಒಳಗಿನ ಪರೀಕ್ಷೆ ಕೋಣೆಯಲ್ಲಿ ಕೂರಿಸುತ್ತೇನೆ, ಸಂಬಳವೂ ಬೇರೆ ಎಂದು ಅಂಗಡಿಯ ಯಜಮಾನರು ಮಾತು ಕೊಟ್ಟಿದ್ದಾರೆ. ಫೀಸಿಗೆ ಬ್ಯಾಂಕಿನ ಸಾಲ ಬೇಕು. ಸಾಲದ ವಿಭಾಗದ ಮೇಡಮ್ಮು ಕಂಪ್ಯೂಟರು ನೋಡಿ, "ನಿಮ್ಮ ಬಗ್ಗೆ ನಮಗೆ ಏನೂ ಗೊತ್ತಿಲ್ಲ. ಒಂದು ಕಾರ್ಡ್ ತಗೊಂಡು ಸ್ವಲ್ಪ ಸ್ವಲ್ಪ ಖರ್ಚು ಮಾಡಿ, ಬಿಲ್ಲು ತಪ್ಪದೆ ಕಟ್ಟಿ. ಕೋರ್ಸು ಶುರುವಾಗೋ ಮುಂಚೆ ಬನ್ನಿ, ನೋಡೋಣ," ಎಂದಿದ್ದಾಳೆ. ಕಾರ್ಡು ಅದಕ್ಕೆ. ಅಷ್ಟೇ.

ಇಷ್ಟನ್ನೂ ಅವಳು ಹೇಳುವಾಗ ಅಣ್ಣ ಮೊಟ್ಟೆ ಸುಲಿಯುತ್ತಿದ್ದ, ಅಪ್ಪ ಉಪ್ಪು ಕೇಳಿದ, ಅಜ್ಜಿ ಬ್ಯಾಂಕಿನವರು ಕೊಟ್ಟಿದ್ದ ಬಣ್ಣದ ಕಾಗದಗಳನ್ನು ಎಳೆದುಕೊಂಡು ಚಿತ್ರ ನೋಡುತ್ತಿದ್ದಳು.

"ಇದೇನು ಪೆಟ್ಟಿಗೆ?" ಎಂದಳು ಅಜ್ಜಿ.

"ಸೂಟ್‌ಕೇಸು ಅಜ್ಜಿ. ಆ ಕಾರ್ಡ್ ತಗೊಂಡು ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದ್ರೆ ಮೂರು ಸೂಟ್‌ಕೇಸ್ ಕೊಡ್ತಾರಂತೆ. ಅದು ನಮಗಲ್ಲ ಬಿಡು, ದೊಡ್ಡ ಖರ್ಚು ಮಾಡೋರಿಗೆ."

"ಮೂರಾ? ಬಿಟ್ಟೀನಾ?"

ಅಲ್ಲಿಗೆ ಕೆಟ್ಟಿತು. ಬಿಟ್ಟಿ ಎಂಬ ಮಾತು ಕಿವಿಗೆ ಬಿದ್ದರೆ ಅಜ್ಜಿಗೆ ಮಂಡಿನೋವೂ ಮರೆತುಹೋಗುತ್ತಿತ್ತು. ಹಿಂದೊಮ್ಮೆ ಆರು ಕಪ್ಪು, ಆರು ಸಾಸರು ಪೂರ್ತಿಯಾಗಲಿ ಅಂತ ಇಡೀ ಮನೆಗೆ ಎರಡು ವರ್ಷ ಒಂದೇ ಟೀಪುಡಿ ಕುಡಿಸಿದ್ದಳು. ಬಣ್ಣ ಬಿಡದ, ವಾಸನೆ ಇಲ್ಲದ, ಹುಲ್ಲು ಕುದಿಸಿದಂತಿದ್ದ ಪುಡಿ. ಕಪ್ಪುಗಳು ಬಂದ ಮೇಲೆ, ಒಡೆದುಹೋಗುತ್ತವೆ ಅಂತ ಅವನ್ನು ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ.

ಪಾಪುವಿನ ಮನಸ್ಸಿನಲ್ಲಿದ್ದದ್ದು ಬೇರೆ ಕಾರ್ಡು. ವರ್ಷದ ಶುಲ್ಕ ಇಲ್ಲ, ಬಸ್ ಪಾಸಿಗೂ ಪುಸ್ತಕಕ್ಕೂ ಒಂದಿಷ್ಟು ಪಾಯಿಂಟು. ಪಾಯಿಂಟು ಇರುವೆಯ ಹಾಗೆ ಬರುತ್ತವೆ, ನಿಜ. ಆದರೆ ಅವಳ ಖರ್ಚೂ ಇರುವೆಯಷ್ಟೇ. ಕೋರ್ಸಿನ ಎರಡು ದಪ್ಪ ಪುಸ್ತಕಗಳಲ್ಲಿ ಒಂದಾದರೂ ಅದರಲ್ಲಿ ಸಿಕ್ಕೀತು ಎಂದು ಲೆಕ್ಕ ಹಾಕಿದ್ದಳು.

ಮರುದಿನ ಬೆಳಿಗ್ಗೆ ಅಪ್ಪ ಹಲ್ಲುಜ್ಜುತ್ತಲೇ ಬಂದ. ಅವನು ಲಿಫ್ಟ್ ರಿಪೇರಿಯವನು. ನಗರದ ಈ ತುದಿಯಿಂದ ಆ ತುದಿಗೆ, ಯಾವ ಕಟ್ಟಡದಲ್ಲಿ ಯಾರು ನಡುವೆ ಸಿಕ್ಕಿಕೊಂಡಿದ್ದಾರೋ ಅಲ್ಲಿಗೆ, ಸ್ಕೂಟರಿನಲ್ಲೇ ಓಡಾಟ.

"ಪೆಟ್ರೋಲಿಗೆ ಪಾಯಿಂಟ್ ಕೊಡೋದು ಒಂದಿದೆಯಲ್ಲ, ಅದನ್ನ ತಗೋ."

"ನನ್ನ ಹತ್ರ ಗಾಡಿ ಎಲ್ಲಿದೆ ಅಪ್ಪ?"

"ನನ್ನ ಹತ್ರ ಇದೆಯಲ್ಲ!"

ಅಣ್ಣ ಜಿಮ್ಮಿನಲ್ಲಿ ತರಬೇತಿ ಕೊಡುವವನು. ಮೈಯಷ್ಟೇ ಬಾಯಿಯೂ ಗಟ್ಟಿ. ಅವನಿಗೆ ಆನ್‌ಲೈನ್ ಖರೀದಿಗೆ ರಿಯಾಯಿತಿ ಕೊಡುವ ಕಾರ್ಡೇ ಆಗಬೇಕು, ಯಾಕೆಂದರೆ ಡಬ್ಬಿ ಡಬ್ಬಿ ಪ್ರೋಟೀನ್ ಪುಡಿ ಅಲ್ಲಿಂದಲೇ ಬರುವುದು. "ನಿನಗೆ ಲೆಕ್ಕ ಗೊತ್ತಿಲ್ಲ ಪಾಪು. ನಾನು ಹೇಳಿದ್ದು ಕೇಳು," ಎಂದು ಮೊಬೈಲಿನಲ್ಲಿ ಗುಣಿಸಿ ಭಾಗಿಸಿ ತೋರಿಸಿದ.

ಸಾಲದ ಕಾರ್ಡು ಮನೆಗೆ ಬೇಡವೇ ಬೇಡ ಎಂದಿದ್ದ ಅಮ್ಮ, ದಿನಸಿಗೂ ಪಾಯಿಂಟು ಸಿಗುತ್ತದೆ ಅಂತ ಗೊತ್ತಾದ ಮೇಲೆ ಸ್ವಲ್ಪ ಮೆತ್ತಗಾದಳು. ಅವಳು ಶಾಲೆಗಳಿಗೆ ಸಮವಸ್ತ್ರ ಹೊಲಿದುಕೊಡುತ್ತಿದ್ದಳು. ನಡುಮನೆಯಲ್ಲಿ ಸದಾ ನೀಲಿ ಬಟ್ಟೆಯ ರಾಶಿ, ಹೊಲಿಗೆ ಯಂತ್ರದ ಗಿರಗಿರ. "ದಾರಕ್ಕೆ, ಗುಂಡಿಗೆ ಕೊಡ್ತಾರಾ?" ಎಂದು ಯಂತ್ರ ತುಳಿಯುತ್ತಲೇ ಕೇಳಿದಳು.

ಒಂದು ವಾರ ಪೂರ್ತಿ ಹೀಗೇ ನಡೆಯಿತು. ಸ್ನಾನಕ್ಕೆ ಹೋದರೆ ಬಾಗಿಲಾಚೆ ಅಪ್ಪ, ತಲೆ ಬಾಚಿದರೆ ಕನ್ನಡಿಯಲ್ಲಿ ಅಣ್ಣ. ಅಜ್ಜಿ ಜಗಳವಾಡಲಿಲ್ಲ. ಬರೀ ಮುಖ ಊದಿಸಿಕೊಂಡು, ಬಡಿಸಿದ್ದರಲ್ಲಿ ಅರ್ಧ ಬಿಟ್ಟು ಏಳತೊಡಗಿದಳು.

"ಯಾಕಮ್ಮ, ಊಟ ಸೇರಲಿಲ್ವಾ?" ಎಂದು ಅಪ್ಪ ಕೇಳಿದ.

"ಇರೋ ನಾಲ್ಕು ದಿನದಲ್ಲಿ ಒಂದು ಪೆಟ್ಟಿಗೆ ನೋಡೋ ಭಾಗ್ಯ ಇಲ್ಲ ಅಂತ ಕಾಣುತ್ತೆ. ನನಗ್ಯಾಕೆ ಊಟ?"

"ಪೆಟ್ಟಿಗೆ ತಗೊಂಡು ಎಲ್ಲಿಗೆ ಹೋಗ್ತೀಯ ಅಜ್ಜಿ?" ಪಾಪುಗೆ ರೇಗಿತು. "ನೀನು ಗೇಟಿನಿಂದಾಚೆ ಹೋಗಿ ಎಷ್ಟು ದಿನ ಆಯ್ತು?"

"ಹೋಗೋದೇ ಬೇಕಾ? ಕಂಬಳಿ ತುಂಬಿಡಬಹುದು."

ಕಡೆಗೆ ಅಣ್ಣನೇ ಲೆಕ್ಕ ಬಗೆಹರಿಸಿದ. ಐದು ಜನರ ಖರ್ಚನ್ನೂ ಒಂದೇ ಕಾರ್ಡಿಗೆ ಹಾಕಿದರೆ ಸೂಟ್‌ಕೇಸಿನ ಗುರಿ ಸುಲಭವಾಗಿ ಮುಟ್ಟಬಹುದು, ವರ್ಷದ ಶುಲ್ಕವೂ ಮಾಫಿ, ಪೆಟ್ರೋಲು ದಿನಸಿ ಪುಡಿ ದಾರ ಎಲ್ಲಕ್ಕೂ ಅದರಲ್ಲಿ ಒಂದಿಷ್ಟು ಪಾಯಿಂಟು. ಯಾರ ಬಾಯಿಗೂ ಮಣ್ಣಿಲ್ಲ.

"ಖರ್ಚು ಸ್ವಲ್ಪ ಇರಬೇಕು ಅಂತ ಬ್ಯಾಂಕಿನವರು ಹೇಳಿದ್ದಾರೆ ಕಣೋ," ಎಂದಳು ಪಾಪು. ಅದು ಎರಡನೇ ಸಲ ಹೇಳಿದ್ದು.

"ಜಾಸ್ತಿ ಖರ್ಚು ಮಾಡಿದ್ರೆ ಬ್ಯಾಂಕಿನವರಿಗೆ ಖುಷಿ ಅಲ್ವೇನೇ, ಪೆದ್ದಿ?"

ಅವಳು ಸಹಿ ಮಾಡಿದಳು. ಮಾಡಬಾರದಿತ್ತು. ನಾವು ನೀವು ಆಚೆ ನಿಂತು ಹಾಗೆ ಹೇಳಬಹುದು. ಆದರೆ ವಾರವಿಡೀ ಊಟದ ಹೊತ್ತಿನಲ್ಲಿ ತಲೆ ತಿನ್ನಿಸಿಕೊಂಡವರಿಗೆ, ಸಹಿ ಮಾಡಿದರೆ ನೆಮ್ಮದಿಯಾಗಿ ಅನ್ನ ತಿನ್ನಬಹುದು ಅನ್ನುವುದೂ ಒಂದು ಆಸೆಯೇ.

ಕಾರ್ಡು ಬಂತು. ನೆಮ್ಮದಿ ಬರಲಿಲ್ಲ.

ಬೆಳಿಗ್ಗೆ ಕಾರ್ಡು ಅಪ್ಪನ ಜೇಬಿನಲ್ಲಿ, ಮಧ್ಯಾಹ್ನ ಅಮ್ಮನ ಕೈಚೀಲದಲ್ಲಿ. ಅದರ ನಂಬರು ಅಣ್ಣನ ಮೊಬೈಲಿನಲ್ಲಂತೂ ಕಾಯಂ. ಪಾಪುವಿನ ಪಾಲಿಗೆ ಉಳಿದಿದ್ದು ಓಟಿಪಿ ಮಾತ್ರ. ಅಂಗಡಿಯಲ್ಲಿ ಒಬ್ಬ ಹಿರಿಯರ ಕಣ್ಣುಗುಡ್ಡೆಗಳ ನಡುವಿನ ಅಂತರವನ್ನು ಉಸಿರು ಬಿಗಿಹಿಡಿದು ಅಳೆಯುತ್ತಿದ್ದಾಗ ಫೋನು ಬಡಿದುಕೊಳ್ಳುತ್ತಿತ್ತು.

"ಬೇಗ ಹೇಳು, ಟೈಮ್ ಆಗಿಬಿಡುತ್ತೆ!"

"ಗಿರಾಕಿ ಇದ್ದಾರೆ ಅಣ್ಣ."

"ಆರು ಅಂಕಿ ಹೇಳೋಕೆ ಗಿರಾಕಿ ಅಡ್ಡ ಬರ್ತಾರಾ?"

ಹೇಳಿ ಮುಗಿಸಿ ತಿರುಗಿದರೆ ಹಿರಿಯರು ತಲೆ ಅಲ್ಲಾಡಿಸಿರುತ್ತಿದ್ದರು. ಮತ್ತೆ ಮೊದಲಿಂದ ಅಳೆಯಬೇಕು. ಯಜಮಾನರು ಒಳಗಿನಿಂದ ಕತ್ತು ಚಾಚಿ ಒಮ್ಮೆ ನೋಡುತ್ತಿದ್ದರು. ಆ ನೋಟ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಮನೆಯಲ್ಲಿ ಅಜ್ಜಿಯ ಸ್ವಭಾವವೇ ತಿರುಗಿಬಿದ್ದಿತ್ತು. ಮೊದಲು ಯಾರಾದರೂ ಕೋಣೆಯಿಂದ ಎದ್ದರೆ ಬೆನ್ನಹಿಂದೆಯೇ ಲೈಟು ಆರಿಸುತ್ತಿದ್ದವಳು, ಈಗ ಖರ್ಚಿಗೆ ಕುಮ್ಮಕ್ಕು ಕೊಡತೊಡಗಿದಳು. "ಅಕ್ಕಿ ಇನ್ನೊಂದು ಮೂಟೆ ತರಿಸೇ. ಕೆಡೋದೇನಲ್ಲವಲ್ಲ." "ಸೋಪು ಮುಗೀತಾ ಬಂತು." ಸೋಪು ಮುಗಿದಿರಲಿಲ್ಲ, ಬೀರುವಿನ ತುಂಬಾ ಇತ್ತು. ಸಂಜೆ ಪಾಪು ಚಪ್ಪಲಿ ಬಿಡುವ ಮುಂಚೆಯೇ, "ಪೆಟ್ಟಿಗೆಗೆ ಇನ್ನೆಷ್ಟು ಬಾಕಿ?" ಎಂಬ ಪ್ರಶ್ನೆ ಬಾಗಿಲಿಗೆ ಬರುತ್ತಿತ್ತು.

ಅಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಜೊತೆಯ ಮೆಕ್ಯಾನಿಕ್‌ಗಳ ಸ್ಕೂಟರುಗಳಿಗೂ ಈ ಕಾರ್ಡಿನಲ್ಲೇ ಪೆಟ್ರೋಲು ಹಾಕಿಸಿ ಅವರಿಂದ ನಗದು ಈಸಿಕೊಳ್ಳತೊಡಗಿದ. ಅಣ್ಣ ಜಿಮ್ಮಿನ ಹುಡುಗರ ಬೂಟುಗಳನ್ನೂ ತರಿಸಿಕೊಟ್ಟ. ಪಾಯಿಂಟು ಏರಿದ್ದೇ ಏರಿದ್ದು. ಮನೆಯವರೆಲ್ಲ ಇಷ್ಟು ಒಗ್ಗಟ್ಟಾಗಿದ್ದನ್ನು ಪಾಪು ಹಿಂದೆಂದೂ ಕಂಡಿರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ಬರಿಸುತ್ತಿತ್ತು.

ಯಾರೂ ಮೋಸ ಮಾಡಲಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಕಾರ್ಡಿನಲ್ಲಿ ತೆಗೆದದ್ದಕ್ಕೆಲ್ಲ ಎಲ್ಲರೂ ಆವತ್ತಾವತ್ತೇ ನಗದು ಕೊಟ್ಟರು. ಕೊಟ್ಟಿದ್ದು ಅಮ್ಮನ ಕೈಗೆ. ಆ ಮನೆಯಲ್ಲಿ ಯಾರು ಯಾರಿಗೆ ಕೊಡಬೇಕಾದ ದುಡ್ಡೇ ಆಗಲಿ, ಹೋಗುವುದು ಅಮ್ಮನ ಕೈಗೆ. ಅಪ್ಪನ ಸಂಬಳ, ಅಣ್ಣನ ಸಂಬಳ, ಪಾಪುವಿನ ಸಂಬಳ, ಎಲ್ಲವೂ. ಬಸ್ಸಿನ ಕಾಸು ಇಟ್ಟುಕೊಂಡು ಉಳಿದದ್ದನ್ನು ಪಾಪು ಮೊದಲ ತಿಂಗಳಿನಿಂದಲೇ ಅಮ್ಮನಿಗೆ ಒಪ್ಪಿಸುತ್ತಿದ್ದಳು. ಯಾರಿಗೆ ಯಾವಾಗ ಕೊಡಬೇಕು ಅನ್ನುವುದಕ್ಕೆ ಅಮ್ಮನದೇ ಒಂದು ಕ್ರಮ ಇತ್ತು. ಬಾಗಿಲಿಗೆ ಬಂದು ನಿಂತವರಿಗೆ ಮೊದಲು. ಆಮೇಲೆ ಫೋನು ಮಾಡಿದವರಿಗೆ. ಕಾಗದ ಕಳಿಸಿದವರಿಗೆ ಕಡೆಗೆ. ಬಾಗಿಲಲ್ಲಿ ನಿಂತವನು ನಾಲ್ಕು ಜನರ ಕಣ್ಣಿಗೆ ಬೀಳುತ್ತಾನೆ, ಕಾಗದಕ್ಕೆ ಬಾಯಿಲ್ಲ. ಈ ಕ್ರಮದಿಂದಲೇ ಅವಳು ಸಂಸಾರವನ್ನು ಇಷ್ಟು ವರ್ಷ ಒಮ್ಮೆಯೂ ಮುಗ್ಗರಿಸದೆ ನಡೆಸಿದ್ದಳು.

ಮೊದಲ ಬಿಲ್ಲು ಬಂದಾಗ ಪಾಪು ತಿಂಡಿಯ ಹೊತ್ತಿನಲ್ಲಿ ಮೊತ್ತ ಓದಿ ಹೇಳಿದಳು. ಕಡೆಯ ದಿನವನ್ನೂ ಹೇಳಿದಳು.

"ತಪ್ಪಬಾರದಮ್ಮ. ನನ್ನ ಕೋರ್ಸಿನ ಸಾಲ ಇದರ ಮೇಲೇ ನಿಂತಿದೆ." ಇದು ಮೂರನೇ ಸಲ.

"ದುಡ್ಡು ಎಲ್ಲಾ ಇದೆ ಕಣೇ. ಕಟ್ಟಿಸ್ತೀನಿ."

"ನನ್ನ ಕೈಗೇ ಕೊಟ್ಬಿಡು. ನಾನೇ ಕಟ್ಟಿ ಬರ್ತೀನಿ."

ಅಮ್ಮನ ಕಾಲು ಹೊಲಿಗೆ ಯಂತ್ರದ ಮೇಲೆ ನಿಂತುಹೋಯಿತು. "ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ? ನೀನು ಹುಟ್ಟೋ ಮುಂಚಿಂದ ಈ ಮನೆ ಬಿಲ್ಲು ಯಾರು ಕಟ್ತಿರೋದು?"

ಪಾಪು ಬಸ್ಸು ಹಿಡಿದಳು.

ಕಡೆಯ ದಿನ ಮಧ್ಯಾಹ್ನ ಅಂಗಡಿಯಿಂದ ಫೋನು ಮಾಡಿದಳು. "ಕಟ್ಟಾಯ್ತಾ ಅಮ್ಮ?" "ಸಂಜೆ ನಿಮ್ಮಣ್ಣನ ಕೈಲಿ ಕಟ್ಟಿಸ್ತೀನಿ, ನೀನು ನಿನ್ನ ಕೆಲಸ ನೋಡ್ಕೋ." ಸಂಜೆ ಅಣ್ಣ ಬರುವ ಮುಂಚೆ ನೀರಿನ ಮೋಟಾರು ಸುಟ್ಟಿತು. ರಿಪೇರಿಯವನು ಹೊಸ ಮೋಟಾರು ಕೂರಿಸಿ, ಎಣ್ಣೆಗೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತ. ಬಾಗಿಲಲ್ಲಿ ನಿಂತವನಿಗೆ ಅಮ್ಮ ಕೊಟ್ಟಳು. ಶಾಲೆಯವರ ದುಡ್ಡು ಬರುತ್ತಿದ್ದಂತೆ ಬ್ಯಾಂಕಿಗೆ ಕಟ್ಟಿದರಾಯಿತು ಅಂದುಕೊಂಡಳು. ಪಾಪುಗೆ ಹೇಳಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಹೇಳುವಂಥದ್ದು ಏನೂ ಇದೆ ಅಂತ ಅವಳಿಗೆ ಅನ್ನಿಸಲೇ ಇಲ್ಲ.

ಶಾಲೆಯವರು ದುಡ್ಡು ಕೊಟ್ಟಿದ್ದು ವಾರ ದಾಟಿದ ಮೇಲೆ. ಅದೇ ದಿನ ಬ್ಯಾಂಕಿನಿಂದ ಪಾಪುವಿನ ಫೋನಿಗೆ ದಂಡದ ಸಂದೇಶ ಬಂತು. ಅವಳು ಊಟದ ಡಬ್ಬಿ ಮುಚ್ಚಿ, ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತು, ಯಾರಿಗೂ ಕಾಣದಂತೆ ಅತ್ತಳು.

ಮನೆಗೆ ಬಂದವಳೇ ಕೂಗಾಡಿದಳು. ಅಮ್ಮ ಗಾಬರಿಯಾದಳೇ ಹೊರತು ತಪ್ಪೊಪ್ಪಲಿಲ್ಲ.

"ಇವತ್ತು ಕಟ್ಟಿಸಿದ್ದೀನಲ್ಲೇ! ಒಂದು ಕಾಸೂ ಬಾಕಿ ಇಲ್ಲ."

"ಹೇಳಿದ ದಿನ ಕಟ್ಟಬೇಕಿತ್ತು!"

"ಒಂದು ವಾರಕ್ಕೆ ಗಲ್ಲಿಗೆ ಹಾಕ್ತಾರಾ? ದಾರದ ಅಂಗಡಿಯವನು ತಿಂಗಳುಗಟ್ಟಲೆ ಕಾದಿಲ್ವಾ? ನೀರಿಲ್ಲದೆ ನೀನು ಸ್ನಾನ ಹೇಗೆ ಮಾಡ್ತಿದ್ದೆ?"

"ದಂಡ ಎಷ್ಟಂತೆ, ನಾನು ಕೊಡ್ತೀನಿ ಬಿಡು," ಎಂದು ಅಪ್ಪ ಜೇಬಿಗೆ ಕೈ ಹಾಕಿದ. ಹಾಕಿ, ಆ ನೋಟನ್ನು ಅಮ್ಮನ ಕೈಗೆ ಕೊಟ್ಟ.

ಪಾಪು ನಗಬೇಕೋ ಅಳಬೇಕೋ ತಿಳಿಯದೆ ಕಾರ್ಡು ಕೇಳಿದಳು. ಇನ್ನು ಯಾರಿಗೂ ಕೊಡುವುದಿಲ್ಲ ಎಂದಳು. ಅಜ್ಜಿ ಎದೆ ಹಿಡಿದುಕೊಂಡಳು. ಅಣ್ಣ ಲೆಕ್ಕ ಹಿಡಿದುಕೊಂಡು ಬಂದ. ಈಗ ನಿಲ್ಲಿಸಿದರೆ ಸೂಟ್‌ಕೇಸೂ ಇಲ್ಲ, ವರ್ಷದ ಶುಲ್ಕವೂ ತಲೆ ಮೇಲೆ, ಅದನ್ನು ಯಾರು ಕಟ್ಟುತ್ತಾರೆ? ದಂಡವೇ ಸಾಕಾಗಿತ್ತು, ಇನ್ನು ಶುಲ್ಕ ಬೇರೆಯಾ ಎಂದು ಪಾಪು ಮತ್ತೆ ಸೋತಳು. ಆದರೆ ಮುಂದಿನ ಬಿಲ್ಲಿಗೆ ಒಂದು ಉಪಾಯ ಮಾಡಿದಳು. ಕಡೆಯ ದಿನಕ್ಕೆ ಮುಂಚೆಯೇ ಒಂದು ಸಂಜೆ ಮನೆಗೆ ಬಂದವಳು ಒಳಗೆ ಹೋಗಲಿಲ್ಲ. ಚಪ್ಪಲಿ ಬಿಡದೆ, ಬಾಗಿಲು ಎಳೆದು ಮುಚ್ಚಿ, ಆಚೆಯಿಂದ ಬೆಲ್ಲು ಒತ್ತಿದಳು.

ಅಮ್ಮ ತೆರೆದಳು. "ಇದೇನೇ?"

"ಬ್ಯಾಂಕಿನವರು ಬಂದಿದ್ದೀವಿ. ಬಾಕಿ ಕೊಡಿ."

"ಹುಚ್ಚು ಹಿಡೀತಾ? ಒಳಗೆ ಬಾ."

"ಕೊಟ್ಟ ಮೇಲೆ ಬರ್ತೀವಿ. ಪಕ್ಕದ ಮನೆಯವರು ನೋಡ್ತಾ ಇದ್ದಾರೆ, ನೋಡಿ."

ಪಕ್ಕದ ಮನೆಯಾಕೆ ನಿಜಕ್ಕೂ ನೋಡುತ್ತಿದ್ದಳು. ಅಮ್ಮ ಹಲ್ಲು ಕಚ್ಚಿ, ಆಮೇಲೆ ನಗು ತಡೆಯಲಾರದೆ, ಒಳಗೆ ಹೋಗಿ ಎಣಿಸಿ ತಂದು ಅಷ್ಟನ್ನೂ ಕೈಗಿಟ್ಟಳು. ಮೂರನೇ ತಿಂಗಳೂ ಹೀಗೇ ಆಯಿತು. ಆ ಸಲ ಅಮ್ಮ ಬಾಗಿಲಲ್ಲೇ ಒಂದು ಕುರ್ಚಿ ಹಾಕಿ, "ಕೂತ್ಕೊಳ್ಳಿ ಸಾಹೇಬರೇ," ಎಂದಳು. ಎಲ್ಲರೂ ನಕ್ಕರು. ಪಾಪುವೂ ನಕ್ಕಳು. ಇನ್ನೇನು ಎಲ್ಲ ಸರಿಹೋಯಿತು ಅಂದುಕೊಂಡಳು, ಪಾಪ.

ಕೋರ್ಸಿಗೆ ಸೇರಲು ಇನ್ನು ಸ್ವಲ್ಪವೇ ದಿನ ಇದ್ದಾಗ ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋದಳು. ಸಾಲದ ವಿಭಾಗದ ಮೇಡಮ್ಮು ಗುರುತು ಹಿಡಿದು ನಕ್ಕಳು. ಕಂಪ್ಯೂಟರು ನೋಡುತ್ತ ನೋಡುತ್ತ ಆ ನಗು ಕರಗಿತು.

"ತಿಂಗಳಿಗೆ ಇಷ್ಟೊಂದು ಪೆಟ್ರೋಲಾ? ಯಾವ ಗಾಡಿ ನಿಮ್ಮದು?"

"ಗಾಡಿ ಇಲ್ಲ ಮೇಡಂ."

ಮೇಡಮ್ಮು ಕನ್ನಡಕದ ಮೇಲಿಂದ ನೋಡಿದಳು. ಅದರ ಎಡಗಡೆಯ ಕಡ್ಡಿ ಸಡಿಲವಾಗಿದ್ದುದು ಪಾಪುವಿನ ಕಣ್ಣಿಗೆ ಬಿತ್ತು.

"ಪ್ರೋಟೀನ್ ಪೌಡರ್ ಅಂಗಡಿ, ಎಂಟು ಸಲ. ಗಂಡಸರ ಬೂಟಿನ ಅಂಗಡಿ, ನಾಲ್ಕು ಸಲ. ದಾರದ ಸಗಟು ಅಂಗಡಿ. ಅಕ್ಕಿ ಅಂಗಡಿ, ಮೂರು ಸಲ." ಓದುತ್ತ ಓದುತ್ತ ಅವಳೇ ಗೊಂದಲಗೊಂಡಳು. "ಇದರಲ್ಲಿ ನಿಮ್ಮದು ಯಾವುದು?"

ಪಾಪು ಪರದೆಯತ್ತ ಬಾಗಿ ಹುಡುಕಿದಳು. "ಇದು," ಎಂದಳು. ಬಸ್ ಪಾಸು. ಮೂರು ತಿಂಗಳಲ್ಲಿ ಒಂದೇ ಸಲ, ಕಾರ್ಡು ತಪ್ಪಿ ಅವಳ ಕೈಗೆ ಸಿಕ್ಕಿದ್ದ ದಿನ.

"ನೋಡಿ, ಬೇಜಾರು ಮಾಡ್ಕೋಬೇಡಿ. ಪ್ರತಿ ತಿಂಗಳೂ ಕಾರ್ಡಿನ ಮಿತಿ ಮುಟ್ಟೋವರೆಗೂ ಖರ್ಚು ಮಾಡಿದ್ದೀರ. ಮೊದಲನೇ ಬಿಲ್ಲೇ ತಡ. ನಿಮ್ಮ ಸಂಬಳಕ್ಕೂ ಇದಕ್ಕೂ ತಾಳೆ ಇಲ್ಲ. ನಾನು ಕಳಿಸಿದ್ರೂ ಮೇಲಿನವರು ವಾಪಸ್ ಕಳಿಸ್ತಾರೆ. ಒಂದು ವರ್ಷ ಹಿಡಿತವಾಗಿ ನಡೆಸಿ, ಆಮೇಲೆ ಬನ್ನಿ."

"ಕೋರ್ಸು ಮುಂದಿನ ವಾರ ಮೇಡಂ."

"ಗೊತ್ತು," ಎಂದಳು ಮೇಡಮ್ಮು. ಅವಳ ದನಿಯಲ್ಲಿ ಕನಿಕರ ಇತ್ತು. ಕನಿಕರಕ್ಕೆ ಯಾರೂ ಸಾಲ ಕೊಡುವುದಿಲ್ಲ.

ಮನೆ ಮುಟ್ಟಿದಾಗ ನಡುಮನೆಯಲ್ಲಿ ಸಂಭ್ರಮವೋ ಸಂಭ್ರಮ. ಸೂಟ್‌ಕೇಸು ಬಂದಿದ್ದವು. ದೊಡ್ಡದರ ಹೊಟ್ಟೆಯಲ್ಲಿ ನಡುವಿನದು, ನಡುವಿನದರ ಹೊಟ್ಟೆಯಲ್ಲಿ ಚಿಕ್ಕದು. ಅಪ್ಪ ನೀಲಿ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ತಳ್ಳಿ ಒಂದೊಂದನ್ನೇ ಎಳೆದು ಚಕ್ರ ಪರೀಕ್ಷಿಸುತ್ತಿದ್ದ. "ಬೇರಿಂಗು ಪರವಾಗಿಲ್ಲ," ಎಂದ. ಅಜ್ಜಿ ಚಿಕ್ಕದರ ಹಿಡಿ ಹಿಡಿದು ಅಡುಗೆಮನೆಯವರೆಗೆ ಹೋಗಿ ಬಂದಳು.

"ಬಾರೇ ಪಾಪು! ನೋಡು, ಎಲ್ಲಾ ನಿನ್ನಿಂದಲೇ!"

"ಸಾಲ ಸಿಗಲಿಲ್ಲ," ಎಂದಳು ಪಾಪು.

ಚಕ್ರದ ಸದ್ದು ನಿಂತಿತು.

"ಯಾವ ಸಾಲ?" ಎಂದಳು ಅಜ್ಜಿ.

ಪಾಪುವಿನ ಮೈಯೆಲ್ಲ ಉರಿದುಹೋಯಿತು. "ಯಾವ ಸಾಲಾನಾ? ಕೋರ್ಸಿನ ಸಾಲ! ಕಾರ್ಡ್ ತಗೊಂಡಿದ್ದೇ ಅದಕ್ಕೆ! ಬಿಲ್ಲು ತಡ ಮಾಡಿದ್ರಿ, ಊರವರಿಗೆಲ್ಲ ಪೆಟ್ರೋಲ್ ಹಾಕಿಸಿದ್ರಿ. ಬ್ಯಾಂಕಿನವರ ಲೆಕ್ಕದಲ್ಲಿ ನಾನು ಬೂಟು ಹಾಕ್ಕೊಂಡು ಪುಡಿ ತಿನ್ನೋ ಗಂಡಸು!"

"ನಾನು ಹಾಕಿಸಿದ್ದಕ್ಕೆಲ್ಲ ದುಡ್ಡು ಕೊಟ್ಟಿದ್ದೀನಿ," ಎಂದ ಅಪ್ಪ.

"ನಾನೂ ಕೊಟ್ಟಿದ್ದೀನಿ. ಒಂದೇ ಒಂದು ಡಬ್ಬಿದು ಬಾಕಿ ಇಟ್ಟಿಲ್ಲ," ಎಂದ ಅಣ್ಣ.

"ನಾನೇನು ತಿಂದ್ಕೊಂಡ್ನಾ?" ಅಮ್ಮನಿಗೆ ತನ್ನ ಕಡೆಗೇ ಬೆರಳು ತಿರುಗುತ್ತಿದೆ ಅನ್ನಿಸಿತು. "ಮೂರು ಜನರ ಸಂಬಳ ಈ ಕೈಗೆ ಬಂದು ಹೋಗಿದೆ. ಒಂದು ದಿನ ಒಬ್ಬರು ಹಸ್ಕೊಂಡು ಮಲಗಿದ್ದೀರಾ? ನಾನೊಂದು ಹೊಸ ಬಟ್ಟೆ ತಗೊಂಡಿದ್ದು ಯಾವಾಗ, ಹೇಳು ನೋಡೋಣ."

ಅದೂ ನಿಜವೇ. ಆ ಮನೆಯಲ್ಲಿ ಎಲ್ಲರೂ ಹೇಳುವುದು ನಿಜವೇ. ಅದಕ್ಕೇ ಅಲ್ಲಿ ಜಗಳ ಮುಗಿಯುವುದಿಲ್ಲ.

"ನಿನ್ನ ಬಟ್ಟೆ ವಿಷಯ ಅಲ್ಲಮ್ಮ ಇದು. ನನ್ನ ಒಂದು ವರ್ಷ ಹೋಯ್ತು."

"ಹೋಗಿದ್ದು ಎಲ್ಲಿಗೆ? ಮುಂದಿನ ವರ್ಷ ಮಾಡು. ನಿನಗೇನು ವಯಸ್ಸಾಗಿದೆಯಾ?"

ಅಮ್ಮ ಸಮಾಧಾನ ಮಾಡಲೆಂದೇ ಹಾಗೆ ಹೇಳಿದ್ದು. ಅಣ್ಣನೂ ಹೌದು ಎಂದ, ಅಪ್ಪನೂ ತಲೆಯಾಡಿಸಿದ. ಅಜ್ಜಿ ಮೆಲ್ಲನೆ ಸೂಟ್‌ಕೇಸಿನ ಜಿಪ್ಪು ಎಳೆದಳು. ಎಲ್ಲರಿಗೂ ಸಮಾಧಾನವಾಯಿತು. ಪಾಪು ಒಬ್ಬಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು. ಹೊಸ ಮೋಟಾರಿನ ನೀರು ರಭಸವಾಗಿ ಬಂತು.

ಕೋರ್ಸು ಶುರುವಾಯಿತು. ಅಂಗಡಿಯ ಯಜಮಾನರು ಒಳಗಿನ ಕೋಣೆಗೆ ಹೊರಗಿನಿಂದ ಒಬ್ಬ ಹುಡುಗನನ್ನು ನೇಮಿಸಿಕೊಂಡರು. ಅವನು ಪರೀಕ್ಷೆ ಮಾಡಿ ಬರೆದುಕೊಟ್ಟ ಚೀಟಿ ಹಿಡಿದು ಪಾಪು ಗಾಜು ಕೂರಿಸುತ್ತಿದ್ದಳು. ಮನೆಯಲ್ಲಿ ಅವಳು ಜಗಳವಾಡಲಿಲ್ಲ, ಮುನಿಸಿಕೊಳ್ಳಲಿಲ್ಲ. ಆ ತಿಂಗಳು ಸಂಬಳ ಬಂದಾಗ ಮಾತ್ರ ಎಲ್ಲವನ್ನೂ ಒಪ್ಪಿಸದೆ, ಎಣಿಸಿ ಅರ್ಧವನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಇನ್ನೊಂದು ಸಲ ಎಣಿಸಿದಳು. ನೋಟುಗಳನ್ನು ಸೆರಗಿಗೆ ಕಟ್ಟಿಕೊಂಡು ಮತ್ತೆ ಬಟ್ಟೆಗೆ ಸೂಜಿ ಚುಚ್ಚಿದಳು.

ಸೂಟ್‌ಕೇಸಿನ ಕಾರ್ಡನ್ನು ಅವಳು ಒಂದು ಬುಧವಾರ ಬ್ಯಾಂಕಿಗೆ ಹೋಗಿ ಮುಚ್ಚಿಸಿ ಬಂದಳು. ಯಾರಿಗೂ ಹೇಳಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಯಂತ್ರ ಕಾರ್ಡು ಬೇಡ ಅಂದಾಗಲೇ ಅಪ್ಪನಿಗೆ ಗೊತ್ತಾಗಿದ್ದು. ಅವತ್ತೇ, ಅದೂ ಸರಿಯಾಗಿ ಊಟದ ಹೊತ್ತಿಗೇ, ಅವಳ ಕೈಚೀಲದಿಂದ ಹೊಸ ಕಾರ್ಡೊಂದು ಜಾರಿ ನೆಲಕ್ಕೆ ಬಿತ್ತು. ಬೂದು ಬಣ್ಣ, ಮೇಲೆ ಒಂದು ಚಿತ್ರವೂ ಇಲ್ಲ.

ಅಣ್ಣ ಬಗ್ಗಿ ಎತ್ತಿಕೊಂಡ. "ಓಹೋ! ಗುಟ್ಟಾಗಿ ಹೊಸದು! ಇದರಲ್ಲಿ ಪಾಯಿಂಟ್ ಹೇಗೆ?"

"ಪಾಯಿಂಟ್ ಇಲ್ಲ."

"ಪೆಟ್ರೋಲಿಗೆ?" ಎಂದ ಅಪ್ಪ.

"ಇಲ್ಲ."

"ದಿನಸಿಗೆ?" ಅಮ್ಮ ಆಲೂಗಡ್ಡೆ ಪಲ್ಯ ಬಡಿಸುತ್ತಿದ್ದಳು.

"ಇಲ್ಲಮ್ಮ."

ಅಜ್ಜಿ ಕಾರ್ಡನ್ನು ಈಸಿಕೊಂಡು, ಹಿಂದೆ ಮುಂದೆ ತಿರುಗಿಸಿ, ಉಗುರಿನಿಂದ ಕೆರೆದು ನೋಡಿದಳು. "ಮತ್ತೆ ಏನು ಕೊಡ್ತಾರೆ ಇದಕ್ಕೆ?"

"ಏನೂ ಕೊಡಲ್ಲ ಅಜ್ಜಿ."

"ಒಂದು ಚಮಚಾನೂ ಇಲ್ವಾ?"

"ಇಲ್ಲ."

ಅಣ್ಣ ಹಣೆ ಚಚ್ಚಿಕೊಂಡ. "ಅಲ್ಲಾ, ಲೋಕದಲ್ಲಿ ಇಷ್ಟೊಂದು ಕಾರ್ಡ್ ಇದ್ದಾವೆ. ಬ್ಯಾಂಕಿನವರೇ ಯಾರಿಗೂ ತೋರಿಸೋಕೆ ನಾಚ್ಕೊಳ್ಳೋ ಇಂಥದ್ದನ್ನ ಹುಡುಕಿ ಹುಡುಕಿ ತಂದಿದ್ದೀಯಲ್ಲ, ಯಾಕೆ?"

"ಯಾರೂ ಕೇಳಲ್ಲ ಅಂತ," ಎಂದಳು ಪಾಪು.

ಅಪ್ಪ ನಕ್ಕುಬಿಡಲು ಹೊರಟವನು ಅರ್ಧಕ್ಕೇ ನಿಂತ. ಅಮ್ಮನ ಕೈಯಲ್ಲಿ ಸೌಟು ಹಾಗೇ ಉಳಿಯಿತು. ಅವಳು ಮಗಳ ಮುಖವನ್ನೇ ನೋಡಿದಳು.

"ಯಾರೂ ಅಂದ್ರೆ ಯಾರು? ನಾವಾ?"

ಇಂಥ ಪ್ರಶ್ನೆಗೆ ಆ ಮನೆಯಲ್ಲಿ ಒಂದೇ ಉತ್ತರ ಇತ್ತು. ಛೇ, ಹಾಗಲ್ಲಮ್ಮ, ಅನ್ನಬೇಕು. ಅಂದರೆ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ, ಅಣ್ಣ ಏನಾದರೂ ಛೇಡಿಸುತ್ತಾನೆ, ಊಟ ಮುಂದುವರಿಯುತ್ತದೆ. ನಾಲ್ಕೂ ಜನ ಅದಕ್ಕಾಗಿ ಕಾದರು.

ಪಾಪು ಅಜ್ಜಿಯ ಕೈಯಿಂದ ಕಾರ್ಡನ್ನು ಬಿಡಿಸಿಕೊಂಡಳು.

"ಹೌದಮ್ಮ," ಎಂದಳು. "ನೀವೇ."